ಬ್ರೂಕ್ಸ್ ಪರ್ವತಶ್ರೇಣಿಗೆ ಆ ಹೆಸರು ಬಂದ ಬಗೆ

ಪ್ರಶ್ನೆ: ಉತ್ತರ ಅಲಾಸ್ಕಾದ ಬ್ರೂಕ್ಸ್ ಪರ್ವತಶ್ರೇಣಿಗೆ ಆ ಹೆಸರು ಬಂದದ್ದು ಅಲ್ಲಿ ಹರಿಯುವ ತೊರೆಗಳಿಂದಲೇ? ಇಂಗ್ಲಿಷಿನಲ್ಲಿ ‘ಬ್ರೂಕ್’ ಎಂದರೆ ತೊರೆ ಎಂಬ ಅರ್ಥವಿರುವುದರಿಂದ ಈ ಸಂದೇಹ. ಅದು ರಾಕಿ ಪರ್ವತಗಳ ಭಾಗವೇ? ಅದರ ಅತ್ಯುನ್ನತ ಶಿಖರದ ಹೆಸರು ಎರಡು ಪುಸ್ತಕಗಳಲ್ಲಿ ಎರಡು ಬಗೆಯಾಗಿದೆ, ಯಾವುದು ಸರಿ?

ಉತ್ತರ: ತೊರೆಗಳಿಗೂ ಆ ಹೆಸರಿಗೂ ಸಂಬಂಧವಿಲ್ಲ, ಅದು ಒಬ್ಬ ವ್ಯಕ್ತಿಯ ಹೆಸರು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯಲ್ಲಿ 1903ರಿಂದ ಅಲಾಸ್ಕಾದ ಕೆಲಸದ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಹಲ್ಸ್ ಬ್ರೂಕ್ಸ್ 1924ರಲ್ಲಿ ತೀರಿಕೊಂಡರು. ಮರುವರ್ಷ, ಅಂದರೆ 1925ರಲ್ಲಿ, ಅವರ ನೆನಪಿಗಾಗಿ ಇಡೀ ಶ್ರೇಣಿಗೆ ಈ ಹೆಸರನ್ನು ಅಧಿಕೃತವಾಗಿ ಇಡಲಾಯಿತು. ಪೂರ್ವ ಪಶ್ಚಿಮವಾಗಿ ಸುಮಾರು 1,100 ಕಿಲೋಮೀಟರ್ ಚಾಚಿ, ಪೂರ್ವದ ತುದಿಯಲ್ಲಿ ಕೆನಡಾದ ಯೂಕಾನ್ ಪ್ರದೇಶವನ್ನು ಹೊಕ್ಕಿರುವ ಈ ಶ್ರೇಣಿಯ ತುಂಡುಗಳಲ್ಲಿ ಕೆಲವಕ್ಕೆ ಅದಕ್ಕಿಂತ ಬಹಳ ಮೊದಲೇ ಹೆಸರುಗಳಿದ್ದವು. ಉದಾಹರಣೆಗೆ, 1826ರಲ್ಲಿ ಮೆಕೆಂಜಿ ನದಿಯ ಮುಖದಿಂದ ಕರಾವಳಿಯುದ್ದಕ್ಕೂ ಪಶ್ಚಿಮಕ್ಕೆ ಬಂದ ಜಾನ್ ಫ್ರಾಂಕ್ಲಿನ್, ದೂರದಲ್ಲಿ ಕಂಡ ಬೆಟ್ಟಸಾಲೊಂದಕ್ಕೆ ರಷ್ಯಾದ ಮಂತ್ರಿ ರೊಮಾನ್ಝೋಫ್ ಅವರ ಹೆಸರಿಟ್ಟರು. ಆಗ ಅಲಾಸ್ಕಾ ಇನ್ನೂ ರಷ್ಯಾದ ವಶದಲ್ಲಿತ್ತೆಂಬುದನ್ನು ನೆನೆದರೆ ಆ ಹೆಸರಿನ ಔಚಿತ್ಯ ತಿಳಿಯುತ್ತದೆ.

ಇವೆಲ್ಲ ಹೊರಗಿನಿಂದ ಬಂದವರು ಇಟ್ಟ ಹೆಸರುಗಳು. ಬೆಟ್ಟಗಳ ನಡುವೆಯೇ ಬದುಕಿದವರ ಹೆಸರುಗಳಿಗೆ ನಮ್ಮ ಭೂಗೋಳದ ಪುಸ್ತಕಗಳು ಸಾಕಷ್ಟು ಗಮನ ಕೊಟ್ಟಿಲ್ಲವೆಂಬ ಕೊರಗು ನನಗಿದೆ. ಶ್ರೇಣಿಯ ನಡುಭಾಗದಲ್ಲಿ ಅನಾಕ್ಟುವುಕ್ ಪಾಸ್ ಎಂಬ ಕಣಿವೆಯ ಹಳ್ಳಿಯಿದೆ. ಅಲ್ಲಿರುವವರು ಇನುಪಿಯಾಟ್ ಜನಾಂಗದ ಒಳನಾಡಿನ ಶಾಖೆಯಾದ ನುನಾಮಿಯುಟ್ ಜನ. ಅನಾಕ್ಟುವುಕ್ ಎಂಬ ಹೆಸರಿನ ಅರ್ಥ, ಕ್ಯಾರಿಬೂ ಜಿಂಕೆಗಳ ಹಿಕ್ಕೆ ಬಿದ್ದಿರುವ ಜಾಗ. ಕೇಳುವುದಕ್ಕೆ ಒರಟಾದರೂ, ಬೇಟೆಯನ್ನೇ ನಂಬಿದವರಿಗೆ ಇದಕ್ಕಿಂತ ಉಪಯುಕ್ತವಾದ ಹೆಸರು ಇನ್ನೊಂದಿರಲಾರದು: ಋತು ಬದಲಾದಾಗ ಹಿಂಡುಗಳು ಬೆಟ್ಟವನ್ನು ದಾಟುವುದು ಈ ದಾರಿಯಲ್ಲೇ ಎಂಬುದನ್ನು ನೆಲದ ಮೇಲಿನ ಹಿಕ್ಕೆಯೇ ಹೇಳುತ್ತದೆ. ಇದೇ ಹಳ್ಳಿ ನೀರು ಇಬ್ಭಾಗವಾಗುವ ಏರಿನ ಮೇಲೂ ಇದೆ. ಇಲ್ಲಿಂದ ಉತ್ತರಕ್ಕೆ ಇಳಿದ ನೀರು ಅನಾಕ್ಟುವುಕ್ ಮತ್ತು ಕಾಲ್ವಿಲ್ ನದಿಗಳ ಮೂಲಕ ಆರ್ಕ್ಟಿಕ್ ಸಾಗರವನ್ನು ಸೇರಿದರೆ, ದಕ್ಷಿಣಕ್ಕೆ ಇಳಿದದ್ದು ಜಾನ್, ಕೊಯುಕುಕ್, ಯೂಕಾನ್ ನದಿಗಳನ್ನು ಹಾದು ಬೇರಿಂಗ್ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣದ ಕಣಿವೆಗಳಲ್ಲಿ ಸ್ಪ್ರೂಸ್ ಮರಗಳಿವೆ. ಉತ್ತರದ ಇಳಿಜಾರಿನಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡಗಳ ಟಂಡ್ರಾ ಮಾತ್ರ.

ರಾಕಿ ಪರ್ವತಗಳ ವಿಷಯದಲ್ಲಿ ಎರಡು ಪದ್ಧತಿಗಳಿವೆ. ಅಮೆರಿಕದ ಭೂಸ್ವರೂಪ ವಿಂಗಡಣೆ ಇದನ್ನು ರಾಕಿ ವ್ಯವಸ್ಥೆಯ ಉತ್ತರದ ಮುಂದುವರಿಕೆಯೆಂದು ಎಣಿಸಿದರೆ, ಕೆನಡಾದವರು ರಾಕಿ ಪರ್ವತಗಳು ಬ್ರಿಟಿಷ್ ಕೊಲಂಬಿಯಾದ ಲಿಯಾರ್ಡ್ ನದಿಯಲ್ಲಿ ಮುಗಿಯುತ್ತವೆ ಎನ್ನುತ್ತಾರೆ. ನಡುವಿನ ಅಂತರವನ್ನು ನೋಡಿದರೆ ಇದನ್ನು ಪ್ರತ್ಯೇಕ ಶ್ರೇಣಿಯೆಂದು ಕರೆಯುವುದೇ ಲೇಸೆಂದು ನನ್ನ ಅಭಿಪ್ರಾಯ.

ಶಿಖರದ ಗೊಂದಲಕ್ಕೆ ಕಾರಣ ಅಳತೆ. ಚೇಂಬರ್ಲಿನ್ ಶಿಖರ 2,749 ಮೀಟರ್ ಎತ್ತರವಿದೆಯೆಂದು ಹಳೆಯ ನಕ್ಷೆಗಳಲ್ಲಿ ನಮೂದಾಗಿದ್ದುದರಿಂದ ಅದೇ ಮೊದಲನೆಯದೆಂದು ದಶಕಗಳ ಕಾಲ ಅಚ್ಚಾಗುತ್ತ ಬಂತು. 2014ರಲ್ಲಿ ಸಣ್ಣ ವಿಮಾನದಿಂದ ಒಂದರ ಮೇಲೊಂದು ಹೊಂದುವಂತೆ ಚಿತ್ರಗಳನ್ನು ತೆಗೆದು, ಅವುಗಳಿಂದ ನೆಲದ ಎತ್ತರವನ್ನು ಲೆಕ್ಕಹಾಕಿದಾಗ ಇಸ್ಟೊ ಶಿಖರವೇ 2,736 ಮೀಟರಿನೊಂದಿಗೆ ಮುಂದಿರುವುದು ಸ್ಪಷ್ಟವಾಯಿತು; ಚೇಂಬರ್ಲಿನ್ 2,712 ಮೀಟರಿಗೆ ಇಳಿದು ಮೂರನೆಯ ಸ್ಥಾನಕ್ಕೆ ಬಂದಿತು. ಆದ್ದರಿಂದ ನಿಮ್ಮ ಎರಡು ಪುಸ್ತಕಗಳಲ್ಲಿ ಇಸ್ಟೊ ಎಂದಿರುವುದನ್ನು ನಂಬಬಹುದು.