ಸರಾಸರಿ 48, ಲೈನ್ 100: ಆದರೂ ಚಿತ್ರ ಯಾಕೆ ಒಡೆಯುತ್ತದೆ?

ಪ್ರಶ್ನೆ: ಸರ್, ನಾನು ಬಿ.ಇ. ಕೊನೆಯ ವರ್ಷದ ವಿದ್ಯಾರ್ಥಿ. ನಮ್ಮ ಮಾವನ ಮೆಕ್ಕೆಜೋಳದ ಗೋಡೌನಿನಲ್ಲಿ 16 ಸಿಸಿಟಿವಿ ಕ್ಯಾಮೆರಾ ಇವೆ. ಒಂದೊಂದಕ್ಕೂ ಸರಾಸರಿ 3 ಎಂಬಿಪಿಎಸ್, ಒಟ್ಟು 48. ರೆಕಾರ್ಡರ್‌ಗೆ ಹೋಗುವ ಲೈನ್ 100 ಎಂಬಿಪಿಎಸ್. ಪ್ರಾಜೆಕ್ಟ್‌ಗೆ ಪಾಯ್ಸಾನ್ ಎಂಬ ಸಂಭವನೀಯತೆಯ ಮಾದರಿ ಹಾಕಿ ಸಿಮ್ಯುಲೇಶನ್ ಮಾಡಿದೆ, ಒಂದು ಪ್ಯಾಕೆಟ್ಟೂ (ಡೇಟಾದ ತುಂಡು) ಕಳೆದುಹೋಗಲಿಲ್ಲ. ಗೋಡೌನಿನಲ್ಲಿ ನೋಡಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಕರೆಂಟ್ ಹೋಗಿ ಬಂದ ಮೇಲಂತೂ ಜಾಸ್ತಿ. ಯಾಕೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕರೆಂಟಿನ ವಿಷಯ ಬರೆದಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅಲ್ಲೇ ಇದೆ.

ಕ್ಯಾಮೆರಾ ಪ್ರತಿ ಫ್ರೇಮನ್ನೂ ಪೂರ್ತಿ ಕಳಿಸುವುದಿಲ್ಲ. ಆಗಾಗ ಒಂದು ಪೂರ್ತಿ ಚಿತ್ರ, ಅದು ಐ-ಫ್ರೇಮ್. ನಡುವೆ ಬದಲಾದಷ್ಟು ಮಾತ್ರ, ಅದು ಪಿ-ಫ್ರೇಮ್. ಸೆಕೆಂಡಿಗೆ 25 ಫ್ರೇಮ್, 2 ಸೆಕೆಂಡಿಗೊಂದು ಐ-ಫ್ರೇಮ್ ಎಂದುಕೊಳ್ಳಿ. ಐ-ಫ್ರೇಮ್ 110 ಕೆಬಿ, ಪಿ-ಫ್ರೇಮ್ 13 ಕೆಬಿ ಇದ್ದರೆ ಸರಾಸರಿ ನೀವು ಹೇಳಿದ 3 ಎಂಬಿಪಿಎಸ್ಸೇ. ಆದರೆ ಐ-ಫ್ರೇಮ್ ಹೊರಡುವ ಆ 40 ಮಿಲಿಸೆಕೆಂಡಿನಲ್ಲಿ ವೇಗ 22 ಎಂಬಿಪಿಎಸ್. ಕರೆಂಟ್ ಬಂದ ಕೂಡಲೇ ಹದಿನಾರೂ ಕ್ಯಾಮೆರಾ ಒಟ್ಟಿಗೆ ಎದ್ದರೆ ಐ-ಫ್ರೇಮ್‌ಗಳೂ ಒಟ್ಟಿಗೇ ಬರುತ್ತವೆ. 16 ಸಲ 22 ಅಂದರೆ 352! ಕೆಲವು ನೂರು ಕೆಬಿ ಬಫರ್ (ಡೇಟಾ ಸರದಿಯಲ್ಲಿ ಕಾಯುವ ಜಾಗ) ಇರುವ ಅಗ್ಗದ ಸ್ವಿಚ್ಚಿಗೆ 1,760 ಕೆಬಿ ಒಮ್ಮೆಗೇ ಬಂದರೆ ಚೆಲ್ಲದೆ ಇನ್ನೇನು? ಕಳೆದದ್ದನ್ನು ಮತ್ತೆ ಕಳಿಸದ ಯುಡಿಪಿ ವಿಧಾನದಲ್ಲಿ ಐ-ಫ್ರೇಮ್‌ನ ತುಂಡು ಕಳೆಯಿತೆಂದರೆ ಮುಂದಿನ ಐ-ಫ್ರೇಮ್ ಬರುವ ತನಕ ಚಿತ್ರ ಸರಿಹೋಗುವುದಿಲ್ಲ.

ಪಾಯ್ಸಾನ್ ಮಾದರಿಗೆ ಇದೆಲ್ಲ ಕಾಣುವುದಿಲ್ಲ. ಅದರ ಲೆಕ್ಕದಲ್ಲಿ ಒಂದು ಪ್ಯಾಕೆಟ್ಟಿಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಇನ್ನರ್ಧ ಉತ್ತರ ಅಣೆಕಟ್ಟಿನದು. ನಾನು ಹಿರಿಯೂರಿನವನು, ಮಾರಿಕಣಿವೆ ಬಿಟ್ಟು ಮಾತಾಡಲು ಬರುವುದಿಲ್ಲ. 1933ರಲ್ಲಿ ಕೋಡಿ ಬಿದ್ದ ಈ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ವರ್ಷದ ಸರಾಸರಿ ಮಳೆ ಹಿಡಿದು ಇದನ್ನು ಯಾರು ಹೇಳಿಯಾರು? ನೈಲ್ ನದಿಗೆ ಎಷ್ಟು ದೊಡ್ಡ ಜಲಾಶಯ ಬೇಕೆಂದು ಲೆಕ್ಕ ಹಾಕುತ್ತಿದ್ದ ಜಲತಜ್ಞ ಹರ್ಸ್ಟ್, ಒಳ್ಳೆಯ ವರ್ಷಗಳೂ ಕೆಟ್ಟ ವರ್ಷಗಳೂ ಗುಂಪುಗುಂಪಾಗಿ ಬರುವುದನ್ನು 1951ರಲ್ಲಿ ತೋರಿಸಿದ. ಅವನ ಹೆಸರಿನ ಅಳತೆಯಲ್ಲಿ 0.5 ಎಂದರೆ ಹಿಂದಿನದಕ್ಕೂ ಮುಂದಿನದಕ್ಕೂ ಅಂಥ ನಂಟಿಲ್ಲ, 1ರ ಹತ್ತಿರ ಹೋದಷ್ಟೂ ನಂಟು ಗಟ್ಟಿ. 1994ರಲ್ಲಿ ಸಂಶೋಧಕರಾದ ಗ್ಯಾರೆಟ್ ಮತ್ತು ವಿಲಿಂಜರ್ 'ಸ್ಟಾರ್ ವಾರ್ಸ್' ಸಿನಿಮಾದ ಸುಮಾರು 1,71,000 ಫ್ರೇಮ್‌ಗಳ ಗಾತ್ರವನ್ನು ಇದೇ ಅಳತೆಗೆ ಹಚ್ಚಿದಾಗ ಬಂದಿದ್ದು ಸುಮಾರು 0.8. ದೃಶ್ಯ ಗಲಾಟೆಯದಾದರೆ ಫ್ರೇಮ್‌ಗಳು ಬಹಳ ಹೊತ್ತು ದೊಡ್ಡದಾಗಿಯೇ ಇರುತ್ತವೆ. ನಿಮ್ಮಲ್ಲೂ ಅಷ್ಟೇ, ಲಾರಿ ಬಂದು ಚೀಲ ಇಳಿಸಿ, ಧೂಳೆದ್ದು, ಅದು ಅಡಗುವ ತನಕ ಪಿ-ಫ್ರೇಮ್ ದಪ್ಪಗೇ ಇರುತ್ತದೆ. ಕತ್ತಲಲ್ಲಿ ಚಿತ್ರದ ತುಂಬಾ ಕಾಳುಕಾಳು ಬರುತ್ತದಲ್ವಾ, ಅದಕ್ಕೂ ಬಿಟ್ ಖರ್ಚು.

ಇಂಥ ಕಡೆ ಸುಮ್ನೆ ಬಫರ್ ಹೆಚ್ಚಿಸಿದರೆ ತಡ ಜಾಸ್ತಿಯಾಗುತ್ತದೆ, ನಷ್ಟ ಅಷ್ಟಾಗಿ ಇಳಿಯುವುದಿಲ್ಲ. ರೆಕಾರ್ಡರ್‌ನಲ್ಲಿ ಗಿಗಾಬಿಟ್ ಪೋರ್ಟ್ ಇದ್ದರೆ ಮಾವನಿಗೆ ಹೇಳಿ ಗಿಗಾಬಿಟ್ ಸ್ವಿಚ್ ಹಾಕಿಸಿ. ಅಲ್ಲಿಯವರೆಗೆ ಕರೆಂಟ್ ಬಂದಾಗ ಕ್ಯಾಮೆರಾಗಳನ್ನು ಒಂದೊಂದಾಗಿ ರೀಸ್ಟಾರ್ಟ್ ಮಾಡಿ.

ಪ್ರಾಜೆಕ್ಟ್‌ಗಾದರೆ, ರೆಕಾರ್ಡ್ ಆದ ಒಂದು ದಿನದ ಫೈಲಿನಿಂದ ಎಫ್‌ಎಫ್‌ಪ್ರೋಬ್ ಎಂಬ, ವಿಡಿಯೋ ಫೈಲಿನ ವಿವರ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ಗಾತ್ರಗಳನ್ನು ತೆಗೆದು ಅವನ್ನೇ ಸಿಮ್ಯುಲೇಶನ್‌ಗೆ ಕೊಡಿ. ಒಮ್ಮೆ ಹದಿನಾರೂ ಸೊನ್ನೆಯಿಂದ ಶುರುವಾಗಲಿ. ಇನ್ನೊಮ್ಮೆ ಪ್ರತಿಯೊಂದನ್ನೂ 0ಯಿಂದ 2 ಸೆಕೆಂಡಿನೊಳಗೆ ಹಿಂದೆಮುಂದೆ ಸರಿಸಿ. ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟರೆ ಗೈಡ್‌ಗೆ ಬೇರೆ ವಿವರಣೆ ಬೇಕಾಗುವುದಿಲ್ಲ.