ಅಜ್ಜನಿಗೆ ಮದುವೆಗೆ ಮೊದಲೇ ಒಂದು ಅಕ್ರಮ ಮಗು ಹುಟ್ಟಿತ್ತಂತೆ, ಯಾವ ದಾಖಲೆಯಲ್ಲೂ ಇಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಲಾ, ಕಚೇರಿಯಲ್ಲಿ ಹುಡುಕಲಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಇದೇ ಪ್ರಶ್ನೆ ನನ್ನ ತಲೆಯಲ್ಲಿ ಎಂಟು ವರ್ಷ ಕೂತಿತ್ತು.

ನಮ್ಮದು ಧಾರವಾಡ ಜಿಲ್ಲೆಯ ನವಲಗುಂದ ತಾಲೂಕು, ಎರಿ (ಕಪ್ಪು ಮಣ್ಣಿನ) ಹೊಲದ ಮನೆತನ. ನಾನು ಓದಿದ್ದು, ನೌಕರಿ ಮಾಡಿದ್ದು ಎಲ್ಲ ಹುಬ್ಬಳ್ಳಿಯಲ್ಲಿ. 2014ರಲ್ಲಿ ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗಿದ್ದೆ. ಅವತ್ತೇ ಹೆಳವರು ಬಂದರು. ನಿಮ್ಮ ಕಡೆಯೂ ಬರುತ್ತಾರಲ್ವಾ? ಕೆಲವು ವರ್ಷಕ್ಕೊಮ್ಮೆ ಎತ್ತು ಹೊಡಕೊಂಡು ಬಂದು ಮನೆತನದ ಹೆಸರುಗಳನ್ನು ತಲೆಮಾರಿನ ಪ್ರಕಾರ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ಕೆಲವು ಮನೆಯಲ್ಲಿ ಕರು ಸಹ ಕೊಡುತ್ತಾರೆ.

ಹೆಳವ ಒಂದೇ ರಾಗದಲ್ಲಿ ಹೇಳುತ್ತಾ ಅಜ್ಜನ ಹೆಸರಿಗೆ ಬಂದ. "ಈತಗ ಮೂರು ಗಂಡು, ಒಂದು ಹೆಣ್ಣು" ಅಂದ. ನನಗೆ ಗೊತ್ತಿದ್ದದ್ದು ನಮ್ಮಪ್ಪ, ಕಾಕಾ, ಅತ್ತೆ. ಮೂರನೆಯ ಗಂಡು ಯಾರು? ಕೇಳುವ ಮೊದಲೇ ಅಪ್ಪ ಎದ್ದರು. "ಸಾಕ್ರಿ, ಮುಂದಿಂದು ಹೇಳ್ರಿ" ಅಂದವರೇ ಒಳಗಿಂದ ಜೋಳದ ಚೀಲ ತರಿಸಿದರು. ರಾತ್ರಿ ಕೇಳಿದರೆ, "ಸಣ್ಣದಿದ್ದಾಗ ಹೋತು" ಅಂದು ಮಗ್ಗುಲಾದರು. 2017ರಲ್ಲಿ ಅಪ್ಪನೂ ತೀರಿಕೊಂಡರು. ಆ ಮಾತು ಅಲ್ಲಿಗೇ ನಿಂತಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವು ಅದೇ ದಾರಿ ಹಿಡಿದಿದ್ದೀರಿ.

ಹೊಲ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಮ್ಮ ಹೆಸರು ಬರಬೇಕಾದರೆ ವಾರಸಾ ಆಗಬೇಕು, ಅಂದರೆ ಹೊಲ ವಾರಸುದಾರರ ಹೆಸರಿಗೆ ಏರಬೇಕು. ಅದಕ್ಕೆ ಅಜ್ಜನ ವಂಶಾವಳಿ ಬೇಕು. ವಂಶಾವಳಿಗೆ ಎಲ್ಲ ವಾರಸುದಾರರ ಸಹಿ ಕೇಳಿದ್ದರು. ಹೀಗಾಗಿ 2018ರಲ್ಲಿ ಕಾಗದ ಹಿಡಿದುಕೊಂಡು ಬೆಟಗೇರಿಯ ಅತ್ತೆಯ ಮನೆಗೆ ಹೋದೆ. ಅತ್ತೆ ಅಂದರೆ ಅಪ್ಪನ ಅಕ್ಕ. ಅಜ್ಜಿಯ ಹೊಟ್ಟೆಯೊಳಗಿನ ಮಾತೆಲ್ಲ ಗೊತ್ತಿದ್ದವಳು ಅವಳೊಬ್ಬಳೇ. ಚಹಾ ಕುಡಿದೆ. ಸ್ಟಾಂಪ್ ಪೇಪರ್ ಅವಳ ಮುಂದಿಟ್ಟೆ. ಸಹಿ ಎಲ್ಲಿ ಮಾಡಬೇಕು ಅಂತ ಬೆರಳಿಟ್ಟು ತೋರಿಸಿದೆ. ಅದೇ ಉಸಿರಿನಲ್ಲಿ ಕೇಳಿದೆ: "ಅತ್ತಿ, ಅಜ್ಜಗ ಇನ್ನೊಬ್ಬ ಮಗ ಇದ್ನಂತಲ್ಲ, ಆತನ ಹೆಸರೇನು?"

ಪೆನ್ನು ಹಿಡಿದ ಕೈ ಹಂಗೇ ನಿಂತಿತು. "ಹೊಲದ ಕಾಗದ ಹಿಡಕೊಂಡು ಬಂದು ಕೇಳಾಕ ಹತ್ತೀಯಲ್ಲ. ಇಷ್ಟು ದಿನ ಬ್ಯಾಡಾಗಿದ್ದು ಈಗ ಯಾಕ ಬೇಕಾತು?" ಅಂದಳು. ಸಹಿ ಮಾಡಿದಳು. ಕಾಗದ ನನ್ನ ಕಡೆ ತಳ್ಳಿ ಒಳಗೆ ಹೋದಳು.

ನನ್ನ ಮನಸ್ಸಿನಲ್ಲಿ ಆಸ್ತಿಯ ವಿಚಾರವೇ ಇರಲಿಲ್ಲ. ಹೆಂಗೂ ಬೆಟಗೇರಿಗೆ ಹೋಗುತ್ತೇನೆ, ಎರಡೂ ಕೆಲಸ ಒಟ್ಟಿಗೆ ಆಗಲಿ ಅಂದುಕೊಂಡಿದ್ದೆ, ಅಷ್ಟೇ. ಆದರೆ ಅವಳ ಜಾಗದಲ್ಲಿ ಕೂತು ನೋಡಿ. ಎದುರಿಗೆ ವಾರಸಾ ಕಾಗದ ಇದೆ. ಅದರಲ್ಲಿ ಮೂರೇ ಹೆಸರಿದೆ. ತಂದವನು ನಾಲ್ಕನೆಯ ಹೆಸರು ಕೇಳುತ್ತಿದ್ದಾನೆ. ಇವನು ಅವನ ಪಾಲು ಕೊಡಲು ಬಂದಿದ್ದಾನಾ, ತಪ್ಪಿಸಲು ಬಂದಿದ್ದಾನಾ? ಹೆಸರು ಹೇಳಿದರೆ ಆ ಮನುಷ್ಯನನ್ನು ಕೋರ್ಟಿಗೆ ಎಳೆಯುತ್ತಾನಾ? ಎಪ್ಪತ್ತು ವರ್ಷ ಮುಚ್ಚಿಟ್ಟ ತಾಯಿಯ ಮಾತು ನಾಡಕಚೇರಿಯ ಪಂಚನಾಮೆಯಲ್ಲಿ ಊರವರ ಬಾಯಿಗೆ ಬೀಳುತ್ತದಾ? ಹಳ್ಳಿಯ ಯಾವ ಹೆಣ್ಣುಮಗಳೂ ಆ ಹೊತ್ತಿಗೆ ಬಾಯಿ ಬಿಡುವುದಿಲ್ಲ, ಬಿಡಬಾರದು ಕೂಡ. ಕಾಗದ ಚೀಲದಲ್ಲಿಟ್ಟು, ಸಹಿಯ ಕೆಲಸ ಮುಗಿಸಿ, ಎರಡು ತಿಂಗಳು ಬಿಟ್ಟು, ಸುಮ್ನೆ ಅತ್ತೆಯನ್ನು ನೋಡಲು ಅಂತ ಹೋಗಿದ್ದರೆ ಹೇಳುತ್ತಿದ್ದಳು. ನಾನು ಹೋಗಲಿಲ್ಲ. ಸಿಟ್ಟು ಇಳಿಯಲಿ ಅಂದುಕೊಂಡೆ. 2019ರಲ್ಲಿ ಅತ್ತೆ ಹೋದಳು.

ಆಮೇಲೆ ದಾಖಲೆ ಹುಡುಕಲು ಹೊರಟೆ. ನಮ್ಮ ಊರಿನ ಹಳೆಯ ಜನನ ಪುಸ್ತಕಕ್ಕಾಗಿ ನವಲಗುಂದಕ್ಕೆ ಎಷ್ಟು ಸಲ ಹೋದೆನೋ. ಸಿಗಲಿಲ್ಲ. ಅಜ್ಜನ ಊರಲ್ಲಿ ಅದು ಸಿಗುವುದೂ ಇಲ್ಲ ಅಂತ ಹೊಳೆಯಲು ಬಹಳ ದಿನ ಬೇಕಾಯಿತು. ಚೊಚ್ಚಲ ಹೆರಿಗೆ ಎಲ್ಲಿ ಆಗುತ್ತದೆ? ತವರಲ್ಲಿ. ಜನನ ಬರೆಸುವುದು ಹುಟ್ಟಿದ ಊರಲ್ಲಿ. ಅಜ್ಜಿಯ ತವರು ಈಗಿನ ಗದಗ ಜಿಲ್ಲೆಯ ರೋಣ ತಾಲೂಕು. ನೀವು ಕೊಟ್ಟ ಊರು, ನೀವು ಕೊಟ್ಟ ವರ್ಷ, ಅಷ್ಟನ್ನೇ ಅವರು ನೋಡುತ್ತಾರೆ. "ದಾಖಲೆ ಇಲ್ಲ" ಅಂತ ಪತ್ರ ಕೊಟ್ಟರೆ ಮಗುವೇ ಹುಟ್ಟಿಲ್ಲ ಅಂತ ತಿಳಿಯಬೇಡಿ. ಎಷ್ಟೋ ಕಡೆ ಹೆಸರೇ ಇರುವುದಿಲ್ಲ, ಬರೀ "ಗಂಡು" ಅಂತ ಇರುತ್ತದೆ. ಇನ್ನೊಂದು ಮಾತು: ಗದಗ, ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲಿನ ಕಾಗದಕ್ಕೆ ಧಾರವಾಡದಲ್ಲೂ ವಿಚಾರಿಸಿ.

ನನಗೆ ಸುಳಿವು ಸಿಕ್ಕಿದ್ದು ಅಜ್ಜಿಯ ತವರೂರಿನ ಕನ್ನಡ ಶಾಲೆಯಲ್ಲಿ. ದಾಖಲಾತಿ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸರಿತ್ತು. ಹುಟ್ಟಿದ ತಾರೀಖು ಜೂನ್ 1. ಅದನ್ನು ನಂಬಬೇಡಿ, ಶಾಲೆಗೆ ಸೇರಿಸಲು ವಯಸ್ಸು ಹೊಂದಬೇಕಲ್ಲ ಅಂತ ಮಾಸ್ತರರು ಹಂಗೆ ಬರೆಯುತ್ತಿದ್ದರು. ಆದರೆ ಪಕ್ಕದ ಕಲಂ ನೋಡಿ ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಪಾಲಕರ ಹೆಸರು ಅಜ್ಜಿಯ ಅಣ್ಣನದು. ಸಂಬಂಧ: ಸೋದರಮಾವ.

ಆ ಹುಡುಗ ನನಗೆ ಗೊತ್ತಿದ್ದ. ಚಿಕ್ಕಂದಿನಿಂದ ಗೊತ್ತಿದ್ದ. ಪ್ರತಿ ವರ್ಷ ಪಂಚಮಿಗೆ ಅಜ್ಜಿಯನ್ನು ತವರಿಗೆ ಕರೆಯಲು ಬರುತ್ತಿದ್ದ ರೋಣದ ಮಾವ. ಅಜ್ಜಿಯ ಅಣ್ಣನ ಮಗ ಅಂತಲೇ ನಾವು ತಿಳಿದಿದ್ದೆವು. ಅವರು ಬಂದ ದಿನ ಅಜ್ಜಿ ಶೇಂಗಾ ಉಂಡಿಯ ಡಬ್ಬಿ ನಮಗ್ಯಾರಿಗೂ ಮುಟ್ಟಿಸದೆ ಮೊದಲು ಅವರ ಮುಂದಿಡುತ್ತಿದ್ದಳು. ಕಳೆದುಹೋದ ಮಗು ನಮ್ಮ ಪಡಸಾಲೆಯಲ್ಲೇ ಕೂತು ಊಟ ಮಾಡಿ ಹೋಗುತ್ತಿತ್ತು.

ಅದಕ್ಕೇ ನಿಮಗೆ ಹೇಳುವುದು, ಕಾಣೆಯಾದ ಮಗುವನ್ನು ಹೊರಗೆ ಹುಡುಕುವ ಮೊದಲು ಸೋದರಮಾವನ ಮಕ್ಕಳನ್ನು, ದೊಡ್ಡಮ್ಮನ ಮಕ್ಕಳನ್ನು ಒಮ್ಮೆ ಸರಿಯಾಗಿ ಎಣಿಸಿ. ಇಬ್ಬರ ನಡುವೆ ಬರೀ ನಾಲ್ಕೈದು ತಿಂಗಳ ಅಂತರ ಇದ್ದರೆ ಒಬ್ಬರು ಬೇರೆ ಹೊಟ್ಟೆಯವರು. ಅಕ್ಕತಮ್ಮಂದಿರ ನಡುವೆ ಐದಾರು ವರ್ಷದ ಸಂದು ಇದ್ದರೆ ಅಲ್ಲಿ ಒಂದು ಕೂಸು ಹೋಗಿರಬಹುದು. ತಿಪ್ಪಣ್ಣ, ತಿಪ್ಪವ್ವ ಅನ್ನುವ ಹೆಸರಿದ್ದರೂ ಕೇಳಿ. ಹಿಂದಿನ ಕೂಸು ಉಳಿಯದಿದ್ದಾಗ ಮುಂದಿನದನ್ನು ತಿಪ್ಪೆಗೆ ಹಾಕಿ ಎತ್ತಿಕೊಂಡು ಆ ಹೆಸರಿಡುತ್ತಿದ್ದರು. ದೇವರ ಮೇಲಿನ ಹರಕೆಗೂ ಇಟ್ಟಿರಬಹುದು, ಹೆಸರೊಂದನ್ನೇ ನಂಬಿ ಕೂರಬೇಡಿ.

ನಿಮ್ಮ ಪ್ರಶ್ನೆಯಲ್ಲಿ "ಅಕ್ರಮ ಮಗು" ಅಂತ ಬರೆದಿದ್ದೀರಿ. ಆ ಪದ ನನಗೆ ಒಪ್ಪಿಗೆ ಇಲ್ಲ. ಮದುವೆಯ ಕಾಗದ, ಫೋಟೋ ಇಲ್ಲ ಅಂದ ಮಾತ್ರಕ್ಕೆ ಮದುವೆಯೇ ಇರಲಿಲ್ಲ ಅಂತ ಹೇಗೆ ಹೇಳುತ್ತೀರಿ? ನಮ್ಮ ಕಡೆ ಉಡಿಕಿ ಇತ್ತು. ಗಂಡ ಸತ್ತವಳಿಗೆ ರಾತ್ರಿ ಹೊತ್ತು ನಾಲ್ಕು ಜನ ಹಿರಿಯರ ಮುಂದೆ ಸೀರೆ ಉಡಿಸಿ ಮಾಡುವ ಮದುವೆ. ಹಂದರ ಇಲ್ಲ, ವಾಲಗ ಇಲ್ಲ. ವಿಧವೆಯ ಮರುಮದುವೆಗೆ ಕಾಯ್ದೆ 1856ರಲ್ಲೇ ಬಂದಿದೆ. ನಮ್ಮ ಅಜ್ಜಿಯೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡವಳು. ಉಡಿಕಿಗೆ ಹಿರಿಯರು ಒಪ್ಪುವಷ್ಟರಲ್ಲಿ ಕೂಸು ಹುಟ್ಟಿತ್ತು. ಮುತ್ತಜ್ಜ ಸೊಸೆಯನ್ನು ಒಪ್ಪಿದ, ಕೂಸನ್ನು ಒಪ್ಪಲಿಲ್ಲ. ಅಷ್ಟೇ ಆಗಿದ್ದು.

ಡಿಎನ್‌ಎ ಬಗ್ಗೆ ಕೇಳಿದಿರಿ. ಎದುರಿಗಿರುವ ವ್ಯಕ್ತಿ ತಾನಾಗಿ ಒಪ್ಪದೆ ಆ ಮಾತೇ ಎತ್ತಬೇಡಿ. ಮಗುವನ್ನು ಸಂಸ್ಥೆಯ ಮೂಲಕ ದತ್ತು ಕೊಟ್ಟಿದ್ದರೂ ಅಷ್ಟೇ, ಮೂಲ ಹುಡುಕುವ ಹಕ್ಕು ದತ್ತು ಹೋದವರದು, ನಮ್ಮದಲ್ಲ. ಆಸ್ತಿಯ ವಿಚಾರವಾದರೆ ವಕೀಲರನ್ನು ಬೇರೆಯಾಗಿ ನೋಡಿ. 2023ರ ಸೆಪ್ಟೆಂಬರ್ 1ರಂದು ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಸಿಂಧು, ಅಂದರೆ ಕಾಯ್ದೆ ಪ್ರಕಾರ ಊರ್ಜಿತವಲ್ಲದ, ಮದುವೆಯ ಮಕ್ಕಳಿಗೂ ಒಟ್ಟು ಕುಟುಂಬದ ಆಸ್ತಿಯಲ್ಲಿ ತಂದೆತಾಯಿಗೆ ಬರುವ ಪಾಲಿನಲ್ಲಿ ಹಕ್ಕಿದೆ ಅಂದಿದೆ. ಮದುವೆಯೇ ಆಗಿರದಿದ್ದರೆ ಆ ಲೆಕ್ಕ ಬೇರೆ.

2022ರ ಪಂಚಮಿಗೆ ನಾನೇ ರೋಣದ ಕಡೆ ಹೋದೆ. ಚೀಲದಲ್ಲಿ ಉಂಡಿ ಬಿಟ್ಟರೆ ಬೇರೇನೂ ಒಯ್ಯಲಿಲ್ಲ, ಒಂದು ಕಾಗದವೂ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಮಳೆ, ಹೆಸರುಕಾಳಿನ ಪೀಕು ಅಂತ ಮಾತಾಡಿದೆವು. ನಾನು ಕೇಳಲಿಲ್ಲ. ಸಂಜೆ ಅವರೇ ಶುರು ಮಾಡಿದರು. ಮುತ್ತಜ್ಜನ ವಿಷಯ ಹೇಳಿದ್ದೂ ಅವರೇ. ಅವರಿಗೆ ಬಹಳ ಹಿಂದಿನಿಂದಲೇ ಎಲ್ಲ ಗೊತ್ತಿತ್ತಂತೆ. ಎಲ್ಲ ಹೇಳಿ ಮುಗಿಸಿ ನನ್ನನ್ನು ಕೇಳಿದರು: "ನನ್ನ ಬಿಟ್ಟು ಹೋಗೂಮುಂದ ಅವ್ವ ಏನಂದ್ಳು ಅಂತ ನಿಮ್ಮತ್ತಿಗೆ ಗೊತ್ತಿತ್ತು. ಅವ್ವನ ಆಕಿ ಮುಂದ ಹೇಳಿದ್ಳು. ಆಕಿ ನಿನಗ ಏನರ ಹೇಳಿದ್ಳೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸ್ಟಾಂಪ್ ಪೇಪರ್ ಕಳೆದದ್ದು ನನ್ನ ಉತ್ತರವೊಂದನ್ನೇ ಅಲ್ಲ, ಅವರದನ್ನೂ.

ಆಮೇಲೆ ಆ ಹೆಳವರನ್ನು ಹುಡುಕಿಕೊಂಡು ಹೋಗಿ ಪುಸ್ತಕ ನೋಡಿದೆ. ಅತ್ತೆ, ಅಪ್ಪ, ಕಾಕಾ ಮೂವರ ಹೆಸರು ಸಾಲಾಗಿ ಇದೆ. ಅವುಗಳ ಮೇಲಿನ ಸಂದಿನಲ್ಲಿ, ಬೇರೆ ಶಾಯಿಯಲ್ಲಿ, ಹಿರಿಯವನ ಹೆಸರು. ಮುತ್ತಜ್ಜ ಸತ್ತ ಮೇಲೆ ಅಜ್ಜನೇ ಹೇಳಿ ಬರೆಸಿದ್ದನಂತೆ. ಅದರ ಫೋಟೋ ತೆಗೆದು ರೋಣಕ್ಕೆ ಒಯ್ದು ತೋರಿಸಿದೆ. ಮಾವ ಮೊಬೈಲ್ ಹಿಡಿದು ಬಹಳ ಹೊತ್ತು ನೋಡಿದರು.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹೆಣ್ಣುಮಕ್ಕಳು ಯಾರಿದ್ದಾರೆ? ಈ ವಾರವೇ ಹೋಗಿ, ಬರಿಗೈಲಿ ಹೋಗಿ, ಮೊಬೈಲಿನ ರೆಕಾರ್ಡಿಂಗ್ ಹಾಕಬೇಡಿ. ಅಜ್ಜಿಯ ತವರು ಯಾವ ಊರು ಅಂತ ನೀವು ಬರೆದಿಲ್ಲ. ತಾಲೂಕು ತಿಳಿಸಿ. ನವಲಗುಂದ ಅಥವಾ ರೋಣ ಆದರೆ ನಾನೇ ಜೊತೆಗೆ ಬರುತ್ತೇನೆ.