ಜೋಗದ ಗೇಟಿನಲ್ಲಿ ಜೇಬು ನೋಡಬೇಕೆ?

ಹೊಸನಗರ ತಾಲ್ಲೂಕಿನಲ್ಲಿ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇದು: ‘ಶನಿವಾರ, ಭಾನುವಾರ ಬಂತೆಂದರೆ ಜೋಗ, ಕೊಡಚಾದ್ರಿ, ಆಗುಂಬೆ ಯಾವುದೂ ನೋಡುವ ಹಾಗಿಲ್ಲ. ಟೆಂಪೊ ಟ್ರಾವೆಲರ್‌ನಲ್ಲಿ ಗುಂಪುಗುಂಪಾಗಿ ಬರುತ್ತಾರೆ, ರಸ್ತೆ ಬದಿಯಲ್ಲೇ ಒಲೆ ಹೂಡುತ್ತಾರೆ, ತಟ್ಟೆ ಲೋಟ ಅಲ್ಲೇ ಬಿಸಾಡಿ ಹೋಗುತ್ತಾರೆ. ಊರಿಗೆ ನಯಾಪೈಸೆ ಬಿಡುವುದಿಲ್ಲ. ಭೂತಾನ್ ನೋಡಿ, ನ್ಯೂಜಿಲೆಂಡ್ ನೋಡಿ. ಜೋಗಕ್ಕೆ ತಲೆಗೆ 500 ರೂಪಾಯಿ ಇಡಲಿ. ಹತ್ತು ಸಾವಿರ ಜನ ಬರುವ ಬದಲು ದುಡ್ಡಿರುವ ಒಂದು ಸಾವಿರ ಜನ ಬಂದರೆ ಸಾಕು. ಈ ಬಗ್ಗೆ ನೀವೊಂದು ಸಂಪಾದಕೀಯ ಬರೆಯಬೇಕು.’

ಮಾನ್ಯರೇ,

ನಿಮ್ಮ ಸಿಟ್ಟು ಸುಳ್ಳಲ್ಲ. ಆಗುಂಬೆಯ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಿಂತು ಕೆಳಗೆ ಇಣುಕಿದರೆ ಮೊದಲು ಕಾಣುವುದು ಕಾಡಲ್ಲ, ಚಿಪ್ಸ್ ಪ್ಯಾಕೆಟ್ಟು. ಮಂಗಗಳು ಅದನ್ನು ಹರಿದು ಒಳಗಿನ ಉಪ್ಪು ನೆಕ್ಕುತ್ತಿರುತ್ತವೆ. ಪಕ್ಕದಲ್ಲೇ ಬಾಟಲಿಗಳು. ಆದರೆ ಆ ಬಾಟಲಿಗಳ ಲೇಬಲ್ಲನ್ನೂ ಒಮ್ಮೆ ಓದಿ ನೋಡಿ. ಹಳ್ಳಿಯಿಂದ ಟೆಂಪೊ ಮಾಡಿಕೊಂಡು ಬಂದವರು ಕುಡಿಯುವ ಸರಕಲ್ಲ ಅದು. ಊಟದ ತಟ್ಟೆ ಬಿಸಾಡಿದವರು ಬಡವರಿರಬಹುದು, ಬಂಡೆಗೆ ಬಾಟಲಿ ಒಡೆದವರು ಕಾರಿನಲ್ಲಿ ಬಂದವರು. 500 ರೂಪಾಯಿ ಟಿಕೆಟ್ ಇಟ್ಟರೆ ಮೊದಲಿನವರು ನಿಲ್ಲುತ್ತಾರೆ, ಎರಡನೆಯವರು ಚೌಕಾಸಿ ಕೂಡ ಮಾಡದೆ ಒಳಗೆ ಬರುತ್ತಾರೆ.

ಇನ್ನು ನೀವು ಕೊಟ್ಟ ಎರಡು ದೇಶಗಳ ಉದಾಹರಣೆ. ಭೂತಾನ್ ಹೊರದೇಶದ ಪ್ರವಾಸಿಯಿಂದ ರಾತ್ರಿಯೊಂದಕ್ಕೆ ಶುಲ್ಕ ವಸೂಲು ಮಾಡುತ್ತದೆ, ನಿಜ. 2022ರ ಸೆಪ್ಟೆಂಬರ್‌ನಲ್ಲಿ ಅದನ್ನು 200 ಡಾಲರ್‌ಗೆ ಏರಿಸಿದರು. ಒಂದೇ ವರ್ಷದಲ್ಲಿ 100ಕ್ಕೆ ಇಳಿಸಿದರು. ನಮ್ಮ ದೇಶದವರಿಗೆ ರಾತ್ರಿಗೆ 1200 ರೂಪಾಯಿ. ನ್ಯೂಜಿಲೆಂಡಿನಲ್ಲಿ 2022ರಲ್ಲಿ ಅಲ್ಲಿನ ಪ್ರವಾಸೋದ್ಯಮ ಸಚಿವ ಸ್ಟುವರ್ಟ್ ನ್ಯಾಶ್, ದಿನಕ್ಕೆ ಹತ್ತು ಡಾಲರ್‌ನಲ್ಲಿ ನೂಡಲ್ಸ್ ತಿಂದುಕೊಂಡು ಸುತ್ತುವವರನ್ನು ನಾವು ಕರೆಯುತ್ತಿಲ್ಲ ಎಂಬ ಅರ್ಥದ ಮಾತಾಡಿ ಬೈಸಿಕೊಂಡರು. ಆಮೇಲೆ ಬಂದ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಪ್ರವಾಸಿ ತೆರಿಗೆಯನ್ನು 35ರಿಂದ 100 ನ್ಯೂಜಿಲೆಂಡ್ ಡಾಲರಿಗೆ ಏರಿಸಿತು. ಆದರೆ ಈ ಎರಡೂ ಕಡೆ ದುಡ್ಡು ಕೊಡುವವನು ಗಡಿ ದಾಟಿ ಬಂದ ಹೊರದೇಶದವನು. ಥಿಂಫುವಿನ ರೈತ ತನ್ನ ಬೆಟ್ಟ ನೋಡಲು ಈ ಶುಲ್ಕ ಕಟ್ಟುವುದಿಲ್ಲ. ನೀವು 500 ಕೇಳುತ್ತಿರುವುದು ರಾಣೆಬೆನ್ನೂರಿನವನಿಂದ, ಶಿಕಾರಿಪುರದವಳಿಂದ. ಐದು ಜನರ ಸಂಸಾರಕ್ಕೆ ಗೇಟಿನಲ್ಲೇ ಎರಡೂವರೆ ಸಾವಿರವಾಯಿತು. ಬಸ್ಸಿನ ಖರ್ಚು ಬೇರೆ.

ರಸ್ತೆ ಬದಿಯ ಅಡುಗೆ ಎಂದಿರಿ. ಡಿಸೆಂಬರ್‌ನಲ್ಲಿ ಒಮ್ಮೆ ಜೋಗದ ದಾರಿಯಲ್ಲಿ ನಿಂತು ನೋಡಿ. ಹಾವೇರಿ, ಗದಗ, ದಾವಣಗೆರೆ ಕಡೆಯ ಸರ್ಕಾರಿ ಶಾಲೆಗಳ ಪ್ರವಾಸದ ಕೆಂಪು ಬಸ್ಸುಗಳು ಸಾಲಾಗಿ ಬರುತ್ತವೆ. ಡಿಕ್ಕಿಯಲ್ಲಿ ಅಕ್ಕಿ ಚೀಲ, ದೊಡ್ಡ ಬೋಗುಣಿ, ಗ್ಯಾಸ್ ಸಿಲಿಂಡರು. ಮರದಡಿ ಇಳಿದು ಚಿತ್ರಾನ್ನ ಕಲಸುವಷ್ಟರಲ್ಲಿ ಹುಡುಗರು ಮೇಷ್ಟರ ಕಣ್ಣು ತಪ್ಪಿಸಿ ಕಟಾಂಜನದ ಹತ್ತಿರ ಓಡಿರುತ್ತಾರೆ. ಆ ಹೊತ್ತಿಗೆ ಜಲಪಾತದ ಕವಲುಗಳಲ್ಲಿ ರಾಜಾ ಒಂದು ಎಳೆಯಾಗಿರುತ್ತಾನೆ, ರಾಣಿ ಎಲ್ಲಿ ಎಂದು ಹುಡುಕಬೇಕು. ಆದರೂ ಹೊಲ ಬಿಟ್ಟರೆ ಬೇರೇನೂ ನೋಡದ ಮಕ್ಕಳು 830 ಅಡಿ ಆಳ ಕಂಡು ‘ಅಬ್ಬಬ್ಬಾ’ ಎನ್ನುತ್ತಾರೆ. ನಿಮ್ಮ 500 ರೂಪಾಯಿ ಲೆಕ್ಕದಲ್ಲಿ ಈ ಬಸ್ಸು ಶಿರಸಿ ಕಡೆಗೋ ಮುರುಡೇಶ್ವರಕ್ಕೋ ತಿರುಗುತ್ತದೆ. ಮಕ್ಕಳಿಗೆ ರಿಯಾಯಿತಿ ಕೊಡೋಣ ಎನ್ನುತ್ತೀರಿ. ಕೊಡಿ. ಅದೇ ಮಕ್ಕಳು ಮುಂದಿನ ವರ್ಷ ಅಪ್ಪ ಅಮ್ಮನ ಜೊತೆ ಬಂದರೆ?

‘ನಯಾಪೈಸೆ ಬಿಡುವುದಿಲ್ಲ’ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಜೋಗದಲ್ಲಿ ಅನಾನಸ್ ಹೋಳುಗಳಿಗೆ ಉಪ್ಪು ಖಾರ ಸವರಿ ಕೊಡುವ ಹೆಂಗಸನ್ನು, ಮಳೆಯಲ್ಲಿ ಕೊಡೆ ಕಟ್ಟಿಕೊಂಡು ಕೆಂಡದ ಮೇಲೆ ಜೋಳ ಸುಡುವವನನ್ನು ಕೇಳಿ ನೋಡಿ, ಯಾರು ಗಿರಾಕಿ ಅಂತ. ಪಂಚತಾರಾ ಹೋಟೆಲಿನಲ್ಲಿ ತಿಂಡಿ ತಿಂದು ಬಂದವನು ಜೋಳದ ಫೋಟೊ ತೆಗೆಯುತ್ತಾನೆ, ಟೆಂಪೊದವರು ಕೊಂಡು ತಿನ್ನುತ್ತಾರೆ. ಕಟ್ಟಿನಹೊಳೆಯಿಂದ, ನಿಟ್ಟೂರಿನಿಂದ ಕೊಡಚಾದ್ರಿಗೆ ಹೋಗುವ ಜೀಪಿನ ಬಾಡಿಗೆಯನ್ನು ಎಂಟು ಹುಡುಗರು ತಲೆಗಿಷ್ಟು ಹಾಕಿ ಕೊಡುತ್ತಾರೆ. ಪೂರ್ತಿ ದುಡ್ಡು ಅಲ್ಲಿಯ ಡ್ರೈವರ್‌ನ ಕೈಗೆ ಹೋಗುತ್ತದೆ. ದೊಡ್ಡ ರೆಸಾರ್ಟಿನ ಅತಿಥಿ ಶುಕ್ರವಾರ ರಾತ್ರಿ ಗೇಟಿನೊಳಗೆ ಹೋದರೆ ಭಾನುವಾರ ಮಧ್ಯಾಹ್ನವೇ ಹೊರಗೆ. ಕಾಫಿ, ಕಡುಬು, ಕ್ಯಾಂಪ್‌ಫೈರ್ ಎಲ್ಲ ಒಳಗೇ. ಬಿಲ್ಲು ಜಮೆಯಾಗುವುದು ಬೆಂಗಳೂರಿನ ಖಾತೆಗೆ. ಇಲ್ಲಿ ಉಳಿಯುವುದು ತೋಟದ ಕೆಲಸ ಬಿಟ್ಟು ಹೌಸ್‌ಕೀಪಿಂಗ್‌ಗೆ ಸೇರಿದ ನಾಲ್ಕಾರು ಹುಡುಗಿಯರ ಸಂಬಳ, ಜೊತೆಗೆ ಈಜುಕೊಳಕ್ಕಾಗಿ ಕೊರೆದ ಬೋರ್‌ವೆಲ್ಲು. ಮಾರ್ಚ್ ಬಂದರೆ ಮಲೆನಾಡಿನಲ್ಲೇ ಕುಡಿಯುವ ನೀರಿಗೆ ಟ್ಯಾಂಕರ್ ಹುಡುಕುವ ಊರುಗಳಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಹೋಂಸ್ಟೇ ಆ ಸಾಲಿಗೆ ಸೇರಿದ್ದಲ್ಲ. ನಿಮ್ಮ ಮನೆಯವರೇ ಅಡುಗೆ ಮಾಡುತ್ತಾರೆ, ತರಕಾರಿ ಪಕ್ಕದ ಮನೆಯದು. ಕೋಣೆಯ ಬಾಡಿಗೆಯನ್ನು ನೀವು ಎಷ್ಟು ಬೇಕಾದರೂ ಇಟ್ಟುಕೊಳ್ಳಿ. ಅದು ನಿಮ್ಮ ಮನೆ. ಜಲಪಾತ ಹಾಗಲ್ಲ.

ಹಾಗಾದರೆ ಜನ ಹೀಗೇ ನುಗ್ಗುತ್ತಿರಲಿ ಅಂತಲೇ ಎಂದು ಕೇಳುತ್ತೀರಿ. ಖಂಡಿತ ಇಲ್ಲ. ಮಿತಿ ಬೇಕು, ನಾಳೆಯಿಂದಲೇ ಬೇಕು. ಆದರೆ ಮಿತಿ ತಲೆಗೆ, ಚಕ್ರಕ್ಕೆ ಹಾಕಬೇಕು, ಜೇಬಿಗಲ್ಲ. ನಮ್ಮ ಸುತ್ತಲೇ ಅದು ಶುರುವಾಗಿದೆ. ಕುಮಾರಪರ್ವತದಲ್ಲಿ 2024ರ ಜನವರಿಯ ಆ ನೂಕುನುಗ್ಗಲಿನ ಬಳಿಕ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಮುಳ್ಳಯ್ಯನಗಿರಿ ಕಡೆಗೆ 2025ರ ಸೆಪ್ಟೆಂಬರ್‌ನಿಂದ ಬೆಳಿಗ್ಗೆ 600, ಮಧ್ಯಾಹ್ನದ ಮೇಲೆ 600 ವಾಹನಗಳು ಮಾತ್ರ, ಅದೂ ಮೊದಲೇ ಬುಕ್ ಮಾಡಿದವಕ್ಕೆ. ಊಟಿ, ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇಯಿಂದ ಇ-ಪಾಸ್ ಇದೆ. ಇವುಗಳಲ್ಲಿ ಲೋಪ ಇಲ್ಲ ಎನ್ನುವುದಿಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ ಎಲ್ಲಿ ಬುಕ್ ಮಾಡಬೇಕು? ಒಂದು ಪಾಲನ್ನು ಕೌಂಟರಿಗೆ ಬಿಡಬೇಕು, ಸರ್ಕಾರಿ ಬಸ್ಸನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಐವತ್ತು ಜನ ಒಂದು ಬಸ್ಸಿನಲ್ಲಿ ಬಂದರೆ ಘಾಟಿಯಲ್ಲಿ ಒಂದು ವಾಹನ. ಅಷ್ಟೇ ಜನ ಕಾರಿನಲ್ಲಿ ಬಂದರೆ ಹತ್ತು ಹನ್ನೆರಡು.

ಸರದಿ ಅಂದರೆ ಏನೆಂದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಸಿಗಂದೂರು ಚೌಡೇಶ್ವರಿ ಗುಡಿಗೆ ಹೋಗಲು ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಲಾಂಚ್‌ಗಾಗಿ ಕಾದವರೇ ಅಲ್ಲವೇ ನಾವೆಲ್ಲ. ಕೋಟಿಯ ಕಾರೂ ಅಲ್ಲೇ, ಹರಕೆ ಹೊತ್ತು ಬಸ್ಸಿನಲ್ಲಿ ಬಂದವನೂ ಅಲ್ಲೇ. (ಮಂತ್ರಿಗಳ ಕಾರಿನ ಕಥೆ ಬೇರೆ, ಬಿಡಿ.) 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ಮುಗಿಯಿತು. ಒಳ್ಳೆಯದೇ ಆಯಿತು, ಹಿನ್ನೀರಿನಾಚೆಯ ತುಮರಿ ಕಡೆಯವರು ಆಸ್ಪತ್ರೆಗೆ ಹೋಗಲು ದಶಕಗಳ ಕಾಲ ಲಾಂಚಿನ ದಾರಿ ಕಾಯ್ದವರು. ಆದರೆ ಲಾಂಚು ತನಗರಿವಿಲ್ಲದೆ ಒಂದು ಸಲಕ್ಕೆ ಇಷ್ಟೇ ವಾಹನ ಎಂದು ಲೆಕ್ಕ ಇಡುತ್ತಿತ್ತು. ಸೇತುವೆಗೆ ಆ ಲೆಕ್ಕ ಬರುವುದಿಲ್ಲ, ಅದನ್ನು ಈಗ ಜಿಲ್ಲಾಡಳಿತವೇ ಇಡಬೇಕು.

ಆ ಹಿನ್ನೀರಿನ ಅಡಿ ಯಾರ ಗದ್ದೆ ಇದೆ ಎಂಬುದನ್ನೂ ಮರೆಯಬೇಡಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮುಳುಗಡೆ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಇವತ್ತಿಗೂ ಕಚೇರಿ ಅಲೆಯುತ್ತಿವೆ. ಜೋಗದಲ್ಲಿ ನೀರು ಬೀಳುವುದೂ ನಿಲ್ಲುವುದೂ ಅವರ ಜಮೀನಿನ ಮೇಲೆ ನಿಂತ ಅಣೆಕಟ್ಟಿನಿಂದ. ಅವರ ಮೊಮ್ಮಗ ಶಿವಮೊಗ್ಗದಲ್ಲಿ ಆಟೊ ಓಡಿಸುತ್ತಿದ್ದು, ಒಂದು ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದರೆ ಗೇಟಿನಲ್ಲಿ ಅವನಿಗೆ 500ರ ರಸೀದಿ ಹರಿಯುವುದೇ?

ಕಸಕ್ಕೆ ದಂಡ ಹಾಕಲಿ, ಜೋರಾಗಿಯೇ ಹಾಕಲಿ. ಅಡುಗೆಗೆಂದೇ ನಲ್ಲಿ, ಕಸದ ತೊಟ್ಟಿ ಇರುವ ಒಂದು ಜಾಗ ಗೊತ್ತು ಮಾಡಲಿ. ಶೌಚಾಲಯದ ಬಾಗಿಲಿಗೆ ಚಿಲಕ ಇರಲಿ, ಒಳಗೆ ನೀರಿರಲಿ. ಖಾಸಗಿ ಕಾರಿನ ಪಾರ್ಕಿಂಗ್ ದರವನ್ನು ವಾರಾಂತ್ಯದಲ್ಲಿ ಎರಡು ಪಟ್ಟು ಮಾಡಲಿ, ನನ್ನ ತಕರಾರಿಲ್ಲ. ದುಡ್ಡಿದ್ದವರಿಂದ ದುಡ್ಡು ಪಡೆಯುವುದು ತಪ್ಪಲ್ಲ, ಇಲ್ಲದವರನ್ನು ಗೇಟಿನಾಚೆ ನಿಲ್ಲಿಸುವುದು ತಪ್ಪು.

ನೀವು ಕೇಳಿದ ಸಂಪಾದಕೀಯವನ್ನು ನಾನು ಬರೆಯುವುದಿಲ್ಲ. ಆದರೆ ನಿಮ್ಮ ಕಡೆಯ ಹೋಂಸ್ಟೇಯವರು, ಜೀಪಿನವರು ಸೇರಿ ಕೊಡಚಾದ್ರಿಗೆ, ಜೋಗಕ್ಕೆ ದಿನಕ್ಕೆ ಎಷ್ಟು ವಾಹನ ಸಾಕು ಎಂದು ಕೂತು ಲೆಕ್ಕ ಹಾಕಿ, ಜಿಲ್ಲಾಧಿಕಾರಿಗೆ ಮನವಿ ಬರೆದರೆ ಪೂರ್ತಿ ಪಠ್ಯವನ್ನು ಅಚ್ಚು ಹಾಕುತ್ತೇವೆ. ಮೇ ಒಳಗೆ ಕಳುಹಿಸಿ. ಜುಲೈನಲ್ಲಿ ಬರೆದರೆ ಅಧಿಕಾರಿಗಳೆಲ್ಲ ನೆಂಟರಿಗೆ ಜೋಗ ತೋರಿಸುವುದರಲ್ಲಿ ಇರುತ್ತಾರೆ.

– ಸಂ.